ಖಾರದ ಕರ್ಜಿಕಾಯಿ

"ಉಪ್ಪಿಗಿಂತ ರುಚಿ ಬೇರಿಲ್ಲ... ನಾದಿನಿಗಿಂತ ಕಾಟ ಬೇರಿಲ್ಲ!"

ಗಾದೆ ತಪ್ಪಾಯ್ತು ಅಂತೀರಾ? ಇರಲಿ... ಈ ನಿಜ ಕಥೆ ಓದಿ, ಆಮೇಲೆ ತಿದ್ದುವಿರಂತೆ.

ತಿಪಟೂರಿನಲ್ಲಿ ಒಬ್ಬ ಟೈಲರ್. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಹಬ್ಬದ ಸಿಹಿ ಎಂದರೆ ಬೇಕರಿ ಡಬ್ಬಿ, ಅಷ್ಟೇ...

ಈ ವರ್ಷ ದೊಡ್ಡ ಮಗಳ ಮದುವೆಯಾಗಿತ್ತು. ಹೊಸ ಅಳಿಯನ ಮೊದಲ ದೀಪಾವಳಿ!

"ಅಳಿಯಂದ್ರಿಗೆ ಡಬ್ಬಿ ಸ್ವೀಟ್ ಕೊಟ್ರೆ ನಿಮ್ಮಮ್ಮ ಮೇಲಿಂದಾನೇ ಬೈತಾಳೆ ಕಣೇ. ನಾನೇ ಮಾಡ್ತೀನಿ," ಎಂದರು ಚಿಕ್ಕ ಮಗಳಿಗೆ.

ಮೊಬೈಲಿನಲ್ಲಿ ಒಂದು ವಿಡಿಯೊ ಸಿಕ್ಕಿತು. 'ಪಾಕ ಬೇಡ, ಭಯ ಬೇಡ... ಸುಲಭ ಕರ್ಜಿಕಾಯಿ.' ಕೊಬ್ಬರಿ ತುರಿ, ಸಕ್ಕರೆ, ಹುರಿಗಡಲೆ, ಏಲಕ್ಕಿ. ತುಂಬು, ಮಡಿಸು, ಕರಿ.

"ಅಂಚು ಮಡಿಸೋದು ನಂಗೇನು ಹೊಸದಾ? ದಾರ ಒಂದಿಲ್ಲ ಅಷ್ಟೇ," ಎಂದು ನಕ್ಕರು. ಆಮೇಲೆ ಮೆಲ್ಲಗೆ... "ಚೆನ್ನಾಗ್ ಬರ್ಲಿಲ್ಲ ಅಂದ್ರೆ ಮಾನ ಹೋಗುತ್ತೆ ಕಣೇ."

ಚಿಕ್ಕ ಮಗಳ ಹೆಸರು ಇಂಚರ. ಕಾಲೇಜಿನಲ್ಲಿ ಎಲ್ಲರೂ ಕರೆಯುವುದು 'ಪಂಚರ್'... ಯಾರ ಗಾಳಿ ಬೇಕಾದರೂ ತೆಗೆಯುವ ಮಿಮಿಕ್ರಿ ಹುಡುಗಿ!

"ನಮಸ್ಕಾರ ವೀಕ್ಷಕರೇ... ಈಗ ಟೈಲರಣ್ಣ ಕರ್ಜಿಕಾಯಿಗೆ ಅಳತೆ ತಗೋತಿದಾರೆ..." ಎಂದು ವಿಡಿಯೊ ಆಂಟಿಯ ದನಿಯಲ್ಲೇ ಅಣಕಿಸಿದಳು.

ಹೊಸ ಅಳಿಯನಿಗೆ ಹೋಳಿಗೆಯೊಳಗೆ ಹತ್ತಿ ಇಟ್ಟು ಬಡಿಸುವುದು ಹಳೇ ತಮಾಷೆ. ಇವಳದು ಹೊಸ ವರ್ಷನ್! ಅಪ್ಪ ಅತ್ತ ತಿರುಗಿದಾಗ ಮೂರು ಕರ್ಜಿಕಾಯಿಗೆ ಉಪ್ಪು, ಖಾರದ ಪುಡಿ ತುಂಬಿದಳು. ಗುರುತಿಗೆ ಅಂಚನ್ನು ಎರಡು ಸಲ ಒತ್ತಿದಳು.

ಹಬ್ಬದ ದಿನ ಆ ಮೂರೂ ಭಾವನ ತಟ್ಟೆಗೆ ಬಂದವು. ಇಂಚರ ಫೋನ್ ಹಿಡಿದು ರೆಡಿ...

ಭಾವ ಕಚ್ಚಿದ. ಮುಖ ಕೆಂಪಾಯಿತು. ಕಣ್ಣಲ್ಲಿ ನೀರು...

ಈಗ ಉಗುಳುತ್ತಾನೆ... ಈಗ...

ಅಡುಗೆಮನೆ ಬಾಗಿಲಲ್ಲಿ ಅಪ್ಪ ಟವೆಲಿಗೆ ಕೈ ಒರೆಸುತ್ತಾ ನಿಂತಿದ್ದರು. "ಹೆಂಗಿದೆ ಅಳಿಯಂದ್ರೇ? ನಾನೇ ಮಾಡಿದ್ದು... ಮೊದಲನೇ ಸಲ."

ಭಾವ ನುಂಗಿದ. "ತುಂಬಾ ಚೆನ್ನಾಗಿದೆ ಮಾವ." ಎರಡನೆಯದನ್ನೂ ತಿಂದ!

"ಹಂಗಾ! ತಡೀರಿ, ನಾನೂ ಒಂದು ನೋಡ್ತೀನಿ." ಅಪ್ಪ ಕೈ ಚಾಚಿದರು.

ಭಾವ ತಟ್ಟೆಯನ್ನೇ ಎಳೆದುಕೊಂಡ. "ಊಹೂಂ, ಇದು ನನ್ ಪಾಲು! ಯಾರಿಗೂ ಕೊಡಲ್ಲ." ಮೂರನೆಯದೂ ಬಾಯಿಗೆ ಹೋಯಿತು.

ಅಪ್ಪನ ಮುಖ ಅರಳಿತು. "ಇನ್ನೂ ಇದೆ ಇರಿ, ತರ್ತೀನಿ!" ಎಂದು ಒಳಗೆ ಓಡಿದರು.

ಭಾವ ಹಿತ್ತಲ ನಲ್ಲಿಗೆ ಓಡಿದ. ಹಿಂದೆಯೇ ಹೋದ ಇಂಚರ ಕೇಳಿದಳು, "ಉಗುಳಬಹುದಿತ್ತಲ್ಲ ಭಾವ?"

"ಶ್... ಮೆತ್ತಗೆ! ಪಾಪ, ಮಾವ ಸಕ್ಕರೆ ಅಂತ ಉಪ್ಪು ಹಾಕ್ಬಿಟ್ಟಿದಾರೆ. ಖಾರದ ಪುಡಿ ಯಾಕೆ ಹಾಕಿದ್ರೋ ಗೊತ್ತಿಲ್ಲ. ನೀನೂ ಹೇಳ್ಬೇಡ... ಎಷ್ಟು ಆಸೆಯಿಂದ ಮಾಡಿದಾರೆ. ಗೊತ್ತಾದ್ರೆ ಇನ್ ಯಾವತ್ತೂ ಒಲೆ ಮುಂದೆ ನಿಲ್ಲಲ್ಲ."

ಎಲ್ಲರ ದನಿಯೂ ಬರುತ್ತಿದ್ದ ಹುಡುಗಿಗೆ ಆ ಕ್ಷಣ ತನ್ನ ದನಿಯೇ ಬರಲಿಲ್ಲ...

ಭಾವನ ಮೇಲೆ ಹೂಡಿದ ಬಾಣ ಅಪ್ಪನ ಎದೆಗೆ ನಾಟುತ್ತಿತ್ತು. ಅದು ಅವಳಿಗೆ ಹೊಳೆದೇ ಇರಲಿಲ್ಲ. ಹೊಸಬನಿಗೆ ಹೊಳೆದಿತ್ತು.

ತಲೆ ತಗ್ಗಿಸಿದಳು. ಫೋನಿನಲ್ಲಿದ್ದ ವಿಡಿಯೊ ಅಳಿಸಿದಳು.

"ಭಾವ... ಉಪ್ಪು ಹಾಕಿದ್ದು ಅಪ್ಪ ಅಲ್ಲ. ನಾನು." ಅಳು ಒತ್ತರಿಸಿ ಬಂತು.

ಭಾವ ಬಾಯಿ ತೆರೆದು ನಿಂತ. ಅಷ್ಟರಲ್ಲಿ ಅಪ್ಪ ತುಂಬಿದ ತಟ್ಟೆ ಹಿಡಿದು ಹಿತ್ತಲಿಗೇ ಬಂದರು. "ತಗೊಳ್ಳಿ ಅಳಿಯಂದ್ರೇ, ನಾಚ್ಕೋಬೇಡಿ!"

ಭಾವ ಹೆದರುತ್ತಲೇ ಒಂದು ಕಚ್ಚಿದ. ಸಿಹಿ! ಗರಿಗರಿ!

"ಮಾವ... ಇದು ನಿಜವಾಗ್ಲೂ ಚೆನ್ನಾಗಿದೆ!"

"ಹಂಗಾದ್ರೆ ಆಗ್ಲೇ ತಿಂದಿದ್ದು?"

ಇಂಚರ ಅಪ್ಪನ ಕೈ ಹಿಡಿದು, ಕಣ್ಣೆತ್ತದೆ ಎಲ್ಲವನ್ನೂ ಹೇಳಿದಳು. ಅಪ್ಪನ ತುಟಿಯಂಚಿನಲ್ಲಿ ನಗು ಮೂಡಿತು.

ಆದರೆ ಓಣಿಗೆಲ್ಲ ಕೇಳುವಂತೆ ನಕ್ಕವನು, ಇನ್ನೂ ನಾಲಿಗೆ ಉರಿಯುತ್ತಿದ್ದ ಭಾವ!

*ನಾಲಿಗೆಯ ರುಚಿಗಿಂತ ಬಡಿಸಿದವರ ಮುಖ ದೊಡ್ಡದು.*

ಈ ಹಬ್ಬಕ್ಕೆ ನಿಮ್ಮ ಮನೆಯಲ್ಲೂ ಯಾರೋ ಮೊದಲ ಸಲ ಏನೋ ಮಾಡಿ, ಬಾಗಿಲಲ್ಲಿ ನಿಂತು ನಿಮ್ಮನ್ನೇ ನೋಡುತ್ತಿರಬಹುದು... ಆಗ ನಿಮ್ಮ ಮುಖ ಏನು ಹೇಳುತ್ತದೆ?