ಸಾಹುಕಾರರ ಹಲಗೆಗಳು

ಮಾಳಮ್ಮ ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. ಹಿಂಡಿದ್ದು ಅರ್ಧ ಮಾತ್ರ. ನೀರು ಉಳಿಯಲಿ ಎಂದು ಬೇಕೆಂದೇ ಬಿಟ್ಟಳು.

ಸುರಪುರದ ಸಭಾಭವನದಲ್ಲಿ ಹದಿನಾಲ್ಕು ಚಿತ್ರಗಳು ತೂಗುತ್ತಿದ್ದವು. ಬಂಗಾರದ ರೇಕು ಹಚ್ಚಿದ ರಾಜರು, ರಾಣಿಯರು. ಎಲ್ಲವೂ ಬಟ್ಟೆ ಅಂಗಡಿಯ ಸಂಗಮನಾಥ ಸಾಹುಕಾರರು ಬರೆದವು. ಯಾದಗಿರಿಯಿಂದ ಅಧಿಕಾರಿಗಳು, ಶಹಾಪುರದಿಂದ ವ್ಯಾಪಾರಿಗಳು ನೋಡಲು ಬಂದಿದ್ದರು. ನೆಲ ಒರೆಸಲು ಮಾಳಮ್ಮನನ್ನು ಕರೆಸಿದ್ದರು.

ಆ ಹಲಗೆಗಳನ್ನು ಹದ ಮಾಡಿಕೊಟ್ಟವಳೂ ಅವಳೇ. ರಂಗಂಪೇಟೆಯ ಕುರಿಗಾರರ ಮನೆಯವಳು. ಹಲಗೆಗೆ ಬಟ್ಟೆ ಅಂಟಿಸಬೇಕು. ಹುಣಸೆ ಬೀಜದ ಅಂಟಿನಲ್ಲಿ ಸುಣ್ಣದ ಪುಡಿ ಕಲಸಿ ಬಳಿಯಬೇಕು. ನುಣುಪು ಕಲ್ಲಿನಿಂದ ಉಜ್ಜಬೇಕು. ಆಮೇಲೆ ಸಾಹುಕಾರರು ಕುಂಚ ಹಿಡಿಯುತ್ತಾರೆ. ಇಪ್ಪತ್ತು ವರ್ಷದಿಂದ ಇದೇ ಕತೆ.

ಅವಳಿಗೂ ಕುಂಚದ ಆಸೆ ಇತ್ತು. ಆಸೆ ಏನು ಬಂತು, ಹುಚ್ಚು! ಚಿಕ್ಕಂದಿನಲ್ಲಿ ಅವಳೂ ಸಾಹುಕಾರರೂ ಒಬ್ಬರೇ ಗುರುಗಳ ಕಟ್ಟೆಯ ಮೇಲೆ ಕೂತು ಗೆರೆ ತಿದ್ದಿದವರು. ಮಾಳಮ್ಮನ ಗೆರೆಯೇ ಚೆಂದ ಎಂದು ಗುರುಗಳು ಬಾಯಿಬಿಟ್ಟು ಹೇಳಿದ್ದರು. ಹಲಗೆ, ಬಣ್ಣ, ರೇಕು ತಂದುಕೊಂಡರೆ ಮುಂದೆ ಕಲಿಸುತ್ತೇನೆ ಎಂದರು. ಸಂಗಮನಾಥನ ಅಪ್ಪ ಗಾಡಿ ತುಂಬ ತಂದ. ಅವಳ ಅಪ್ಪ ಮಲ್ಕಪ್ಪನ ಹತ್ತಿರ ಕುರಿ ಬಿಟ್ಟು ಬೇರೇನಿತ್ತು?

ಒಂದು ದಿನ ಸಂಗಮನಾಥ ಮೂಲೆಗೆಸೆದ ಹಲಗೆಯ ಮೇಲೆ ಅವಳು ಇದ್ದಿಲಿನಿಂದ ಅಪ್ಪನ ಮುಖ ಬರೆದಳು. ಅವನು ಕಸಿದುಕೊಂಡ. ಎಲ್ಲರೆದುರು ಹಸಿ ಬಟ್ಟೆಯಿಂದ ಒರೆಸಿಹಾಕಿದ.

“ಹಲಗಿ ನಂದು. ಬೇಕಾದ್ರ ನೀ ಸುಣ್ಣ ಬಳಿ,” ಎಂದ.

ಆ ಉರಿ ಇನ್ನೂ ಆರಿಲ್ಲ. ಯಾಕೆ ಆರಬೇಕು?

ಒಂದು ಹಲಗೆ ಹದವಾಗಲು ವಾರ ಸಾಕು. ಮಾಳಮ್ಮ ಎರಡು ತಿಂಗಳು ಮನೆಯಲ್ಲಿಟ್ಟುಕೊಳ್ಳುತ್ತಿದ್ದಳು. ಕೇಳಿದರೆ ಇನ್ನೂ ಒಣಗಿಲ್ಲ ಎನ್ನುತ್ತಿದ್ದಳು. ಸಾಹುಕಾರರ ಕೋಣೆ ಗುಡಿಸುವಾಗ ರೇಕಿನ ಚೂರು, ಬಟ್ಟಲಿಗೆ ಅಂಟಿದ ಬಣ್ಣ ಸೆರಗಿಗೆ ಕಟ್ಟಿಕೊಂಡು ಒಯ್ಯುತ್ತಿದ್ದಳು. ಮನೆಯಲ್ಲಿ ಸದಾ ವಾರ್ನಿಷಿನ ವಾಸನೆ, ಆದರೆ ಗೋಡೆಯ ಮೇಲೆ ಒಂದು ಚಿತ್ರವೂ ಇಲ್ಲ. ಅತ್ತಿಗೆ ಸೌಭಾಗ್ಯ ಇದೇನೆಂದು ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಳು.

ಇನ್ನೊಂದು ಗುಟ್ಟಿತ್ತು. ಈ ಹದಿನಾಲ್ಕು ಹಲಗೆಗಳ ಮೇಲ್ಪದರದ ಸುಣ್ಣಕ್ಕೆ ಅವಳು ಅಂಟು ಹಾಕಿದ್ದು ಹೆಸರಿಗಷ್ಟೇ. ನೀರು ತಾಗಿದರೆ ಸುಣ್ಣ ಚಿತ್ರಸಮೇತ ಎದ್ದುಬರುತ್ತದೆ.

ಸಾಹುಕಾರರು ದೊಡ್ಡ ರಾಣಿಯ ಚಿತ್ರದ ಮುಂದೆ ಅಧಿಕಾರಿಗಳನ್ನು ನಿಲ್ಲಿಸಿದರು. ಚೌಕಟ್ಟಿನ ಮೇಲೆ ಧೂಳು ಕಂಡಿತು. ಹಿಂದೆ ತಿರುಗದೆಯೇ ಕೂಗಿದರು.

“ಏ ಮಾಳಮ್ಮ, ಧೂಳ ಕುಂತದ ನೋಡು. ಒರಸು.”

“ಪೂರಾ ಒರಸ್ಲೇನ್ರಿ, ಸಾವ್ಕಾರ್ರ?”

“ಕೇಳೋದೇನದ ಅದ್ರಾಗ? ಪೂರಾ ಒರಸು.”

ಅವಳು ಬಟ್ಟೆಯನ್ನು ರಾಣಿಯ ಹಣೆಗೊತ್ತಿ ಕೆಳಕ್ಕೆಳೆದಳು. ಕಣ್ಣು, ಮೂಗುತಿ, ಕೊರಳ ಸರ ಎಲ್ಲ ಕೆಸರಾಗಿ ಇಳಿದವು. ಸಾಹುಕಾರರು ಅವಳ ಕೈ ತಡೆಯುವಷ್ಟರಲ್ಲಿ ರಾಣಿ ಬಕೆಟ್ಟಿನಲ್ಲಿದ್ದಳು. ಹೊಟ್ಟೆಕಿಚ್ಚಿನ ಹೆಂಗಸು, ಹಾಳುಮಾಡಿಬಿಟ್ಟಳು ಎಂದು ಜನ ಗುಲ್ಲೆಬ್ಬಿಸಿದರು. ಆಮೇಲೆ ಒಬ್ಬೊಬ್ಬರಾಗಿ ಹಲಗೆಯ ಹತ್ತಿರ ಬಂದು ಬಗ್ಗಿ ನೋಡಿದರು.

ಬಿಳಿ ನೀರು ಇಳಿದ ಹಲಗೆಯ ಮೇಲೆ, ವಾರ್ನಿಷಿನ ಅಡಿಯಲ್ಲಿ, ಬಂಗಾರದಂಚಿನ ಕಂಬಳಿ ಹೊದ್ದ ಮಲ್ಕಪ್ಪ ಕುರಿಮರಿ ಎತ್ತಿಕೊಂಡು ನಿಂತಿದ್ದ. ಕೆಳಗೆ ಮಾಳಮ್ಮನ ಹೆಸರಿತ್ತು. ಅವಳು ಬಟ್ಟೆ ಅದ್ದಿಕೊಂಡು ಎರಡನೆಯ ಹಲಗೆಯತ್ತ ನಡೆದಳು.