ಏನೂ ಮಾಡದ ಸಿಸ್ಟರ್

ಬೆಳಿಗ್ಗೆ ಎಂಟಕ್ಕೆ ಹೆಂಡತಿ ನಿಲೋಫರ್‌ಳನ್ನು ಯಲ್ಲಾಪುರದ ಆಸ್ಪತ್ರೆಗೆ ಸೇರಿಸಿದ ಮೊಯಿನ್, ಮಧ್ಯಾಹ್ನ ಒಂದರ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದಿದ್ದ. ಹೆರಿಗೆ ನೋಡಿಕೊಳ್ಳುವ ಗೀತಾ ಸಿಸ್ಟರ್ ಏನೂ ಮಾಡುತ್ತಿಲ್ಲ.

ಸಲೈನ್ ಇಲ್ಲ, ಸೂಜಿ ಇಲ್ಲ. ನಿಲೋಫರ್‌ಳನ್ನು ಮಲಗಿಸಿಯೂ ಇರಲಿಲ್ಲ. ಕೈ ಹಿಡಿದು ವರಾಂಡದಲ್ಲಿ ನಡೆಸುವುದು, ನೋವು ಬಂದಾಗ ಸೊಂಟ ತಿಕ್ಕುವುದು, ಅರ್ಧ ಗಂಟೆಗೊಮ್ಮೆ ಹೊಟ್ಟೆಗೆ ಯಂತ್ರ ಹಚ್ಚಿ ಮಗುವಿನ ಎದೆಬಡಿತ ಕೇಳಿ ಬರೆದುಕೊಳ್ಳುವುದು, ಮತ್ತೆ ನಡೆಸುವುದು. ನಡೆಯುವುದಕ್ಕೆ ಆಸ್ಪತ್ರೆ ಯಾಕೆ ಬೇಕು, ಮನೆಯೆದುರು ರಸ್ತೆ ಇಲ್ಲವೇ ಅಂತ ಟೆಂಪೊ ಓಡಿಸುವ ಮೊಯಿನ್‌ನ ವಾದ. ವಾದ ಹೆಸರಿಗಷ್ಟೇ, ಇದ್ದದ್ದು ಬರೀ ಹೆದರಿಕೆ. ನಿಲೋಫರ್ ಹೀಗೆ ನರಳುವುದನ್ನು ಅವನು ಯಾವತ್ತೂ ಕೇಳಿರಲಿಲ್ಲ.

"ಸಿಸ್ಟರ್, ನೋವಿನ ಇಂಜೆಕ್ಷನ್ ಯಾವಾಗ ಕೊಡ್ತೀರಿ?"

"ಎಂತಕ್ಕೆ?"

"ನೋವು ಜೋರಾಗ್ಲಿಕ್ಕೆ."

"ಕಡಿಮೆ ಬಿತ್ತಾ ಅಂತ ಅವರನ್ನೇ ಕೇಳಿ," ಅಂದಳು ಗೀತಾ. ನಿಲೋಫರ್ ನೋಡಿದ ನೋಟಕ್ಕೆ ಅವನು ಕೇಳಲಿಲ್ಲ. "ಎದೆಬಡಿತ ಚೆನ್ನಾಗುಂಟು, ಮಗು ಕೆಳಗೆ ಇಳೀತಾ ಉಂಟು. ಬೇಕು ಅನ್ನಿಸಿದ್ರೆ ನಾನೇ ಡಾಕ್ಟರನ್ನ ಕರೀತೇನೆ. ಬೇಡದ ಹೊತ್ತಿಗೆ ಅವಸರ ಮಾಡಿದ್ರೆ ಮಗುವಿಗೇ ತ್ರಾಸು."

ಮೊಯಿನ್‌ಗೆ ಸಮಾಧಾನವಾಗಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಸೂಜಿ ಹಾಕುವವರು ಶಿರಸಿಯಲ್ಲಿದ್ದಾರೆಂದು ಗೆಳೆಯ ನಿಹಾಲ್ ಫೋನಿನಲ್ಲಿ ಹೇಳಿದ್ದ. ಮೊಯಿನ್ ಟೆಂಪೊ ತಂದು ವಾರ್ಡಿನ ಬಾಗಿಲಿಗೇ ನಿಲ್ಲಿಸಿ, ಇಂಜಿನ್ ಬಂದ್ ಮಾಡದೆ ಇಳಿದ.

ಬಾಗಿಲಲ್ಲಿ ಅವನ ತಾಯಿ ಬದ್ರುನ್ನಿಸಾ ನಿಂತಿದ್ದಳು. ಬೆಳಗಿನಿಂದ ಸೊಸೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವಳು.

"ದಾರಿ ಬಿಡು ಅಮ್ಮಿ. ಶಿರಸಿಗೆ ಕರ್ಕೊಂಡು ಹೋಗ್ತೇನೆ. ಇಲ್ಲಿ ಏನೂ ಮಾಡ್ತಾ ಇಲ್ಲ."

"ನಿನ್ನ ಅಕ್ಕ ಹುಟ್ಟೋ ಹೊತ್ತಿಗೆ ಎಲ್ಲಾ ಮಾಡಿದ್ರು," ಅಂದಳು ಬದ್ರುನ್ನಿಸಾ. "ಸಲೈನು, ಇಂಜೆಕ್ಷನ್ನು, ಅದರ ಮೇಲೆ ಇನ್ನೊಂದು ಇಂಜೆಕ್ಷನ್ನು. ಎರಡು ತಾಸಲ್ಲಿ ಹೆರಿಗೆ ಆಗೋಯ್ತು. ಹುಟ್ಟಿದವಳು ಅಳಲೇ ಇಲ್ಲ."

ಇಪ್ಪತ್ತೊಂಬತ್ತು ವರ್ಷದಿಂದ ತಾನೇ ಮನೆಯ ಚೊಚ್ಚಲ ಮಗುವೆಂದು ಮೊಯಿನ್ ತಿಳಿದಿದ್ದ.

"ಗಾಡಿ ತೆಗಿ. ಹೋಗಿ ಬರೋರಿಗೆ ಅಡ್ಡ ಆಗ್ತದೆ," ಅಂದು ಅವಳು ಒಳಗೆ ಹೋದಳು. ಅವನು ಗಾಡಿ ತೆಗೆದು ಗೇಟಿನ ಹೊರಗೆ ನಿಲ್ಲಿಸಿ ಬಂದ.

ಮೂರೂಕಾಲು ಗಂಟೆಗೆ ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಕೂಡಲೇ ವಾರ್ಡಿಗೆಲ್ಲ ಕೇಳುವಂತೆ ಅತ್ತಿತು. ಗೀತಾ ಸಿಸ್ಟರ್ ಮಗುವನ್ನು ಒಂದು ತಾಸು ತಾಯಿಯ ಎದೆಯ ಮೇಲೇ ಬಿಟ್ಟು, ಆಮೇಲೆ ತಂದು ಅಜ್ಜಿಯ ಕೈಗಿಟ್ಟಳು. ತಾನು ಮುಖ ತೊಳೆದುಕೊಂಡು, ಆ ದಿನ ಮೊದಲ ಬಾರಿಗೆ ಕುರ್ಚಿಯಲ್ಲಿ ಕೂತಳು.

ಮೊಯಿನ್ ಮಗಳ ಮುಖವನ್ನು ತುಂಬ ಹೊತ್ತು ನೋಡಿದ.

"ಅಕ್ಕನಿಗೆ ಹೆಸರು ಇಟ್ಟಿದ್ಯಾ ಅಮ್ಮಿ?"

"ಹುಸ್ನಾ," ಅಂದಳು ಬದ್ರುನ್ನಿಸಾ, ಮಗುವಿಗೆ ಸುತ್ತಿದ ಬಟ್ಟೆಯನ್ನು ಸರಿಮಾಡುತ್ತ. "ಬಾಯಿಬಿಟ್ಟು ಹೇಳಿದ್ದು ಇವತ್ತೇ."