ಆಷಾಢದಲ್ಲಿ ಕಾಣೆಯಾದ ಬಾಸಿಂಗಗಳು

ಫ್ರೆಂಡ್ಸ್, ಇದನ್ನು ಓದಿದ ಮೇಲೆ ಯಾರನ್ನಾದರೂ ಬೈಯಬೇಕು ಅನ್ನಿಸಿದರೆ ನನ್ನನ್ನೇ ಬೈಯಿರಿ… ತಪ್ಪು ಮಾಡಿದವನು ನಾನೇ.

ಕೊಪ್ಪಳದ ಮಾರ್ಕೆಟ್ಟಿನಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ ಇದೆ. ಜೆರಾಕ್ಸು, ಆನ್‌ಲೈನ್ ಅರ್ಜಿ, ಯಾರಾದರೂ ಕೇಳಿದರೆ ವೆಬ್‌ಸೈಟು.

ಎದುರಿನ ಸಾಲಿನಲ್ಲಿ ನೀಲವ್ವ ಅಕ್ಕನ ಅಂಗಡಿ. ಮದುವೆಯಲ್ಲಿ ವಧೂವರರ ಹಣೆಗೆ ಕಟ್ಟುವ ಬಾಸಿಂಗ ಮಾಡುವುದು ಅವರ ಕಸುಬು.

ಅವರ ಗಂಡ ಏಕಪ್ಪನವರು ತೀರಿಕೊಂಡು ಮೂರು ವರ್ಷವಾಗಿತ್ತು. ಅವರು ಬಿಟ್ಟುಹೋದದ್ದು ಒಂದು ಹಳೇ ಪುಸ್ತಕ… ಯಾವ ಮನೆತನಕ್ಕೆ ಯಾವ ನಮೂನೆಯ ಬಾಸಿಂಗ ಎಂದು ತಮ್ಮ ಕೈಯಿಂದಲೇ ಬಣ್ಣದಲ್ಲಿ ಬರೆದಿಟ್ಟ ಅರವತ್ತೆರಡು ಚಿತ್ರಗಳು.

ಅಜ್ಜ ಕಟ್ಟಿಕೊಂಡ ನಮೂನೆಯನ್ನೇ ಮೊಮ್ಮಗನೂ ಕಟ್ಟಿಕೊಳ್ಳಬೇಕು ಎನ್ನುವ ಮನೆಗಳವು. ಅಕ್ಕನ ಬದುಕು ನಿಂತದ್ದೇ ಆ ಪುಸ್ತಕದ ಮೇಲೆ.

ದೂರದೂರಿನ ಗಿರಾಕಿಗಳು ಫೋನಿನಲ್ಲೇ ನಮೂನೆ ನೋಡಲಿ ಎಂದು ಅಕ್ಕ ಒಂದು ದಿನ ವೆಬ್‌ಸೈಟ್ ಕೇಳಿಕೊಂಡು ಬಂದರು. ಸೈಟು ಇಡುವ ಜಾಗ, ಅಂದರೆ ಹೋಸ್ಟಿಂಗ್, ಪುಕ್ಕಟೆಯೂ ಸಿಗುತ್ತದೆ, ರೊಕ್ಕಕ್ಕೂ ಸಿಗುತ್ತದೆ ಎಂದೆ.

"ತಮ್ಮಾ, ರೊಕ್ಕ ಕಟ್ಟಿ ಇಡೂದು ಛಲೋನೋ, ಪುಕ್ಕಟೆ ಇಡೂದು ಛಲೋನೋ?"

ನಾನು ದೊಡ್ಡ ಪಂಡಿತನ ಹಾಗೆ ನಕ್ಕೆ. ಪುಕ್ಕಟೆ ಸಿಗುವಾಗ ಸುಮ್ಮನೆ ಯಾಕೆ ರೊಕ್ಕ ಸುರಿಯುತ್ತೀರಿ ಅಂದೆ.

ಫ್ರೀ ಹೋಸ್ಟಿಂಗ್ ಕೊಡುವ ಒಂದು ಕಂಪನಿಯಲ್ಲಿ ನನ್ನ ಇಮೇಲ್ ಹಾಕಿ ಖಾತೆ ತೆರೆದೆ. ಷರತ್ತುಗಳ ಉದ್ದನೆಯ ಪಟ್ಟಿ ಬಂತು… ಓದದೆ ಒಪ್ಪಿಗೆ ಒತ್ತಿದೆ. ನಾವೆಲ್ಲ ಮಾಡುವುದು ಹಾಗೇ ತಾನೇ?

ಪುಸ್ತಕದ ಒಂದೊಂದೇ ಹಾಳೆಯ ಫೋಟೊ ತೆಗೆದು ಸೈಟಿಗೆ ಹಾಕಿದೆ. ಫೋನ್ ತುಂಬಿತೆಂದು ನನ್ನ ಹತ್ತಿರ ಇದ್ದ ಫೋಟೊಗಳನ್ನು ಅಳಿಸಿಯೂ ಬಿಟ್ಟೆ.

"ಅಕ್ಕಾ, ಇನ್ನ ಇವು ಎಲ್ಲಿಗೂ ಹೋಗಂಗಿಲ್ಲ" ಎಂದು ಎದೆಯುಬ್ಬಿಸಿ ಹೇಳಿದೆ.

ಅಕ್ಕ ಆ ಮಾತನ್ನು ಪೂರ್ತಿ ನಂಬಿದರು…

ಪುಸ್ತಕಕ್ಕೆ ಗೆದ್ದಲು ಹಿಡಿದು ಮುಟ್ಟಿದರೆ ಉದುರುತ್ತಿತ್ತು. ದೇವರ ಚಿತ್ರ ಬರೆದ, ಅರಿಶಿನ ಕುಂಕುಮ ಹತ್ತಿದ ಹಾಳೆಗಳು. ಅಂಥದ್ದನ್ನು ನಮ್ಮ ಕಡೆ ಕಸಕ್ಕೆ ಹಾಕುವುದಿಲ್ಲ, ಹೊಳೆಗೆ ಬಿಡುತ್ತಾರೆ.

ಮುಂದಿನ ಹುಣ್ಣಿಮೆಗೆ ದೇವಿಯ ದರ್ಶನಕ್ಕೆಂದು ಹುಲಿಗಿಗೆ ಹೋದಾಗ ಅಕ್ಕ ಪುಸ್ತಕಕ್ಕೆ ಪೂಜೆ ಮಾಡಿ ತುಂಗಭದ್ರೆಗೆ ಬಿಟ್ಟು ಬಂದರು. ಹೇಗೂ ಫೋನಿನಲ್ಲಿ ಇದೆಯಲ್ಲ ಎಂಬ ಧೈರ್ಯ ಅವರಿಗೆ.

ಆಮೇಲೆ ಆಷಾಢ ಬಂತು. ಆ ವರ್ಷ ಅಧಿಕ ಮಾಸವೂ ಸೇರಿ ಎರಡು ತಿಂಗಳು ಮದುವೆಗಳೇ ಇಲ್ಲ.

ಅಕ್ಕ ಎಂದಿನಂತೆ ಕುಂಚ ತೊಳೆದು ಕಟ್ಟಿಟ್ಟರು. ಕೆಲಸವಿಲ್ಲದ ಅಂಗಡಿಗೂ ದಿನಾ ಸಂಜೆ ಬಂದು ಒಂದು ದೀಪ ಹಚ್ಚಿ ಹೋಗುತ್ತಿದ್ದರು. ವೆಬ್‌ಸೈಟಿನ ಕಡೆ ಮಾತ್ರ ಯಾರೂ ತಲೆ ಹಾಕಲಿಲ್ಲ… ನಾನೂ ಹಾಕಲಿಲ್ಲ.

ಶ್ರಾವಣ ಹತ್ತಿದ ವಾರವೇ ಕುಕನೂರಿನ ಒಂದು ಮನೆಯಿಂದ ಅಕ್ಕನಿಗೆ ಫೋನು ಬಂತು. ಮೊಮ್ಮಗನ ಮದುವೆ ಇದೆ, ನಮ್ಮ ಮನೆತನದ ಬಾಸಿಂಗವೇ ಬೇಕು, ಆದರೆ ನಿಮ್ಮ ವೆಬ್‌ಸೈಟು ತೆರೆಯುತ್ತಿಲ್ಲ ಎಂದರು.

ನಾನು ಹುಡುಕಿದೆ. ಸೈಟೇ ಇರಲಿಲ್ಲ.

ನೂರಾರು ಜಾಹೀರಾತು ಮೇಲ್‌ಗಳ ನಡುವೆ ಮೂರು ಎಚ್ಚರಿಕೆಯ ಮೇಲ್ ಬಿದ್ದಿದ್ದವು… ಅರವತ್ತು ದಿನ ಯಾರೂ ತೆರೆದು ನೋಡದ ಉಚಿತ ಸೈಟನ್ನು ಅಳಿಸುತ್ತೇವೆ ಎಂದು.

ಕಂಪನಿಗೆ ಬರೆದು ಬೇಡಿಕೊಂಡೆ. ಉಚಿತ ಖಾತೆಗಳ ಪ್ರತಿ ಇಟ್ಟಿರುವುದಿಲ್ಲ ಎಂದು ಒಂದೇ ಸಾಲಿನ ಉತ್ತರ ಬಂತು. ಅವರು ಮೊದಲೇ ಹೇಳಿದ್ದರು. ಓದದವನು ನಾನು.

ರಸ್ತೆ ದಾಟಿ ಅಕ್ಕನ ಅಂಗಡಿಗೆ ಹೋದೆ. ಏನನ್ನೂ ಮುಚ್ಚಿಡದೆ ಹೇಳಿದೆ.

"ಎಲ್ಲಾ ಹೋದ್ವನು?" ಅಂದರು. ಹೌದು ಎಂದೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ನಾನು ಎಷ್ಟೋ ಹಗುರಾಗುತ್ತಿದ್ದೆ.

ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟರು. ಯಜಮಾನರ ಕೈಗೆಲಸವನ್ನು ನಾನೇ ಹೊಳೆಗೆ ಬಿಟ್ಟು ಬಂದೆನಲ್ಲ ಎಂದು ಅವರು ಅತ್ತಾಗ ನನ್ನ ಕಣ್ಣೂ ತುಂಬಿ ಬಂತು.

ಆಮೇಲೆ ಕಣ್ಣೊರೆಸಿಕೊಂಡು ಎದ್ದು, ನನ್ನನ್ನು ಅಂಗಡಿಯ ಹಿಂದಿನ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಕಂಬಕ್ಕೆ ಕಟ್ಟಿದ ಎರಡು ಬಾಸಿಂಗ ಇದ್ದವು, ಹೊಗೆ ಹಿಡಿದು ಕಪ್ಪಾಗಿದ್ದವು. ಅಕ್ಕನ ಮದುವೆಯವು, ಏಕಪ್ಪನವರೇ ಮಾಡಿದಂಥವು.

"ಮದುವಿ ಮುಗದ ಮ್ಯಾಲೆ ಕಂಬಕ್ಕ ಕಟ್ಟತಾರ ತಮ್ಮಾ. ನಮ್ಮ ಮನ್ಯಾಗ ಅದಾವಂದ್ರ ಅವರ ಮನ್ಯಾಗೂ ಇರ್ತಾವ. ಗಾಡಿ ತಗಿ."

ಮರುದಿನವೇ ಕುಕನೂರಿಗೆ ಹೋದೆವು. ಆ ಮನೆಯ ಕಂಬದಲ್ಲಿ ಅಜ್ಜನ ಬಾಸಿಂಗ ಇತ್ತು… ಅಕ್ಕ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅದನ್ನು ನೋಡಿಯೇ ಮಾಡಿದ ಹೊಸ ಬಾಸಿಂಗವನ್ನು ಮೊಮ್ಮಗ ಕಟ್ಟಿಕೊಂಡ.

ನಾಲ್ಕು ತಿಂಗಳು ನಾವಿಬ್ಬರೂ ನನ್ನ ಬೈಕಿನಲ್ಲಿ ಊರೂರು ತಿರುಗಿದೆವು. ಮೂವತ್ತೊಂಬತ್ತು ನಮೂನೆ ಸಿಕ್ಕವು.

ಉಳಿದ ಮನೆಗಳಲ್ಲಿ ಹಳೇ ಕಂಬಗಳನ್ನು ಬಾಸಿಂಗದ ಸಮೇತ ತೆಗೆಸಿ ಆರ್‌ಸಿಸಿ ಹಾಕಿಸಿದ್ದಾರೆ… ಆ ಇಪ್ಪತ್ಮೂರು ಇನ್ನು ಯಾವತ್ತೂ ಸಿಗುವುದಿಲ್ಲ.

ಹೊಸ ಸೈಟನ್ನು ಹಣ ಕಟ್ಟುವ ಹೋಸ್ಟಿಂಗ್‌ನಲ್ಲಿ ಮಾಡಿದೆ, ಈ ಸಲ ಷರತ್ತು ಪೂರ್ತಿ ಓದಿ. ಒಂದು ಪ್ರತಿ ಪೆನ್‌ಡ್ರೈವಿನಲ್ಲಿದೆ, ಇನ್ನೊಂದು ಅಕ್ಕ ತಾವೇ ಬರೆಯುತ್ತಿರುವ ಹೊಸ ಪುಸ್ತಕದಲ್ಲಿ.

ವರ್ಷದ ಹಣ ನಾನೇ ಕಟ್ಟುತ್ತೇನೆ ಎಂದೆ. ಅಕ್ಕ ಕೇಳಲಿಲ್ಲ, ನನ್ನ ಕೈಹಿಡಿದು ಹಣ ಇಟ್ಟರು. ಆಗ ಅವರು ಹೇಳಿದ ಮಾತು ನನ್ನನ್ನು ಇವತ್ತಿಗೂ ಚುಚ್ಚುತ್ತದೆ…

"ಪುಕ್ಕಟೆ ಇತ್ತಲ್ಲ ತಮ್ಮಾ, ಅದಕ್ಕ ನಾನೂ ಕೇಳಲಿಲ್ಲ, ನೀನೂ ನೋಡಲಿಲ್ಲ. ಖಾಲಿ ಅಂಗಡಿಗೆ ದಿನಾ ದೀಪಾ ಹಚ್ಚಿದೆ… ಯಜಮಾನ್ರು ಬರದ ಚಿತ್ರಾ ಇಟ್ಟ ಜಾಗಕ್ಕ ಒಂದು ದಿನಾನೂ ಹೋಗಲಿಲ್ಲ."

ಈ ವರ್ಷವೂ ಆಷಾಢದಲ್ಲಿ ಅಕ್ಕ ಕುಂಚ ಕಟ್ಟಿಟ್ಟಿದ್ದಾರೆ. ಆದರೆ ಸಂಜೆ ದೀಪ ಹಚ್ಚಿದ ಮೇಲೆ ಅಲ್ಲೇ ಕೂತು, ಫೋನಿನಲ್ಲಿ ಸೈಟು ತೆರೆದು ಒಂದೊಂದೇ ಬಾಸಿಂಗ ನೋಡಿ ಮನೆಗೆ ಹೋಗುತ್ತಾರೆ.

*

ಸೈಟು ಮಾಡಿ ಕಲಿಯುವುದಕ್ಕೆ ಪುಕ್ಕಟೆ ಜಾಗ ಸಾಕು… ಕಳೆದರೆ ಮತ್ತೆ ಸಿಗದಂಥದ್ದನ್ನು ಇಡುವುದಕ್ಕೆ, ನಾವೇ ಹೊಣೆ ಹೊತ್ತು ಕಾಯುವ ಜಾಗ ಬೇಕು.

ನಿಮಗೆ ತುಂಬಾ ಬೇಕಾದ ಫೋಟೊ, ಕಾಗದ, ಕೈಬರಹ ಈಗ ಎಲ್ಲಿವೆ? ಅಲ್ಲಿಗೆ ಹೋಗಿ ನೀವು ಕೊನೆಯ ಸಲ ನೋಡಿ ಬಂದದ್ದು ಯಾವಾಗ?